ರಜೆ ಅರ್ಜಿಯಲ್ಲಿ ‘ಜ್ವರ’ ಅಂತ ಬರೆದ ಅಪ್ಪಂದಿರು

ಹೋದ ಸಂಚಿಕೆಯಲ್ಲಿ ಬಾಣಂತಿ ರಜೆಯ ಬಗ್ಗೆ ಒಂದು ಪ್ರಶ್ನೆಗೆ ಉತ್ತರ ಬರೆದಿದ್ದೆ. ಕೊನೆಯಲ್ಲಿ ‘ಗಂಡನಿಗೆ ಎಷ್ಟು ದಿನ ರಜೆ ಸಿಗುತ್ತದೆ ಅಂತಲೂ ಯಾರಾದರೂ ಕೇಳಿ’ ಅಂತ ಒಂದು ಸಾಲು ಸೇರಿಸಿದ್ದೆ. ಆ ಸಾಲಿಗೆ ಇಷ್ಟು ಪತ್ರ ಬರುತ್ತವೆ ಅಂತ ಅಂದುಕೊಂಡಿರಲಿಲ್ಲ. ಹಾಗಾಗಿ ಈ ಸಲ ಬೇರೆ ಪ್ರಶ್ನೆಗಳನ್ನೆಲ್ಲ ಪಕ್ಕಕ್ಕಿಟ್ಟಿದ್ದೇನೆ.

ಹೊಸ ಓದುಗರಿಗೆ ಒಂದು ಮಾತು. ನಾನು 22 ವರ್ಷ ಮಡಿಕೇರಿಯ ಒಂದು ಕಚೇರಿಯ ಸಿಬ್ಬಂದಿ ವಿಭಾಗದಲ್ಲಿದ್ದವಳು. ರಜೆ ಅರ್ಜಿಗಳೆಲ್ಲ ನನ್ನ ಮೇಜಿಗೇ ಬರುತ್ತಿದ್ದವು. ಹೆಂಡತಿಗೆ ಹೆರಿಗೆಯಾಗಿದೆ ಅಂತ ಇಡೀ ಕಚೇರಿಗೆ ಗೊತ್ತಿರುತ್ತಿತ್ತು, ಸಿಹಿಯನ್ನೂ ಹಂಚಿರುತ್ತಿದ್ದರು, ಆದರೆ ಗಂಡ ಕೊಟ್ಟ ಅರ್ಜಿಯಲ್ಲಿ ಕಾರಣ ಮಾತ್ರ ‘ಜ್ವರ’ ಅಂತಲೋ ‘ಮನೆ ಕೆಲಸ’ ಅಂತಲೋ ಇರುತ್ತಿತ್ತು. ಎಷ್ಟೋ ಅಂಥ ಅರ್ಜಿಗಳನ್ನು ನೋಡಿದ್ದೇನೆ. ಮಗುವಿಗೋಸ್ಕರ ರಜೆ ಅಂತ ಬರೆಯಲು ಅವರಿಗೆ ನಾಚಿಕೆ. ಆ ನಾಚಿಕೆಯ ಬೆಲೆಯನ್ನು ಅದೇ ಕಚೇರಿಯ ಹೆಂಗಸರು ತೆರುತ್ತಿದ್ದರು ಅಂತ ನನಗೆ ಅರ್ಥವಾಗಲು ಬಹಳ ವರ್ಷ ಹಿಡಿಯಿತು.

ಪ್ರಶ್ನೆ: ಮಡಿಕೇರಿ ಹತ್ತಿರದ ಒಂದು ರೆಸಾರ್ಟ್‌ನ ಫ್ರಂಟ್ ಆಫೀಸಿನಲ್ಲಿ ಕೆಲಸ ಮಾಡುತ್ತಿದ್ದೇನೆ. ಡಿಸೆಂಬರ್ ಮೂರನೇ ವಾರ ಹೆಂಡತಿಗೆ ಡೇಟ್ ಕೊಟ್ಟಿದ್ದಾರೆ. ಅವಳ ತವರು ಶನಿವಾರಸಂತೆ. ರಜೆ ಕೇಳಿದ್ದಕ್ಕೆ ಮ್ಯಾನೇಜರ್ ‘ಹೆರುವುದು ನೀನಲ್ವಲ್ಲ, ಸೀಸನ್ ಟೈಮಲ್ಲಿ ಮೂರು ದಿನ ಕೊಟ್ಟರೆ ಜಾಸ್ತಿ’ ಅಂದರು. ಕಾನೂನಿನಲ್ಲಿ ನನಗೆ ಹಕ್ಕು ಇಲ್ಲವೇ? — ಹೆಸರು ಬೇಡ, 29 ವರ್ಷ

ಉತ್ತರ: ನೇರವಾಗಿ ಹೇಳುತ್ತೇನೆ. ಖಾಸಗಿ ಕೆಲಸದಲ್ಲಿರುವ ಅಪ್ಪನಿಗೆ ಇಂತಿಷ್ಟು ದಿನ ಪಿತೃತ್ವ ರಜೆ ಕೊಡಲೇಬೇಕು ಅನ್ನುವ ಕಾನೂನು ನಮ್ಮ ದೇಶದಲ್ಲಿ ಇಲ್ಲ. ಕೇಂದ್ರ ಸರ್ಕಾರಿ ನೌಕರರಿಗೆ 15 ದಿನ ಇದೆ, ನಮ್ಮ ರಾಜ್ಯ ಸರ್ಕಾರಿ ನೌಕರರಿಗೂ 15 ದಿನ ಇದೆ. ಖಾಸಗಿಯವರಿಗೆ ಕಂಪನಿಯ ಮನಸ್ಸು ಹೇಗಿದೆಯೋ ಹಾಗೆ. 2017ರಲ್ಲಿ ಮಹಾರಾಷ್ಟ್ರದ ಸಂಸದ ರಾಜೀವ್ ಸಾತವ್ ಅವರು ಲೋಕಸಭೆಯಲ್ಲಿ ಒಂದು ಖಾಸಗಿ ಮಸೂದೆ, ಅಂದರೆ ಸರ್ಕಾರದ್ದಲ್ಲದ, ಸಂಸದರೇ ಮಂಡಿಸುವ ಮಸೂದೆ, ತಂದಿದ್ದರು. ಖಾಸಗಿ ಮತ್ತು ಅಸಂಘಟಿತ ವಲಯದ ಗಂಡಸರಿಗೂ 15 ದಿನ ರಜೆ ಕೊಡಬೇಕು, ಅದನ್ನು ಮೂರು ತಿಂಗಳವರೆಗೆ ವಿಸ್ತರಿಸಲು ಅವಕಾಶ ಇರಬೇಕು ಅಂತ. ಅದು ಕಾನೂನಾಗಲಿಲ್ಲ. 2025ರ ನವೆಂಬರ್ 21ರಿಂದ ಹಳೆಯ ಹಲವು ಕಾರ್ಮಿಕ ಕಾನೂನುಗಳ ಬದಲಿಗೆ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಅವುಗಳಲ್ಲೂ ಅಮ್ಮನ ರಜೆ ಇದೆ, ಅಪ್ಪನ ರಜೆ ಇಲ್ಲ.

ಹಾಗಂತ ಕೈ ಖಾಲಿ ಅಂತ ಕೂರಬೇಡಿ. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961ರದ್ದು, ಹೋಟೆಲ್, ವಸತಿಗೃಹಗಳಿಗೂ ಅನ್ವಯಿಸುತ್ತದೆ. ಅದರ ಪ್ರಕಾರ ನೀವು ದುಡಿದ ಪ್ರತಿ 20 ದಿನಕ್ಕೆ ಒಂದು ದಿನ ಸಂಬಳ ಸಹಿತ ರಜೆ ಗಳಿಸುತ್ತೀರಿ. ವರ್ಷಕ್ಕೆ 300 ದಿನ ದುಡಿದಿದ್ದರೆ 15 ದಿನ ಆಯಿತು. ಇದಲ್ಲದೆ ವರ್ಷಕ್ಕೆ 12 ದಿನದವರೆಗೆ ಸಂಬಳ ಸಹಿತ ರಜೆ ಬೇರೆ ಇದೆ. ಇದನ್ನು ಎಲ್ಲರೂ ‘ಸಿಕ್ ಲೀವ್’ ಅಂದುಕೊಂಡಿದ್ದಾರೆ. ಆದರೆ ಕಾಯ್ದೆಯಲ್ಲಿ ಕಾಯಿಲೆ, ಅಪಘಾತದ ಜೊತೆಗೆ ‘ಬೇರೆ ಯಾವುದೇ ಸಮಂಜಸ ಕಾರಣ’ಕ್ಕೂ ಅಂತ ಇದೆ. ಸ್ವಂತ ಮಗು ಹುಟ್ಟುವುದಕ್ಕಿಂತ ಸಮಂಜಸ ಕಾರಣ ಇನ್ಯಾವುದಿದೆ ಹೇಳಿ. ಹಾಗಾಗಿ ಸುಳ್ಳು ಬರೆಯಬೇಡಿ. ‘ಹೆಂಡತಿಯ ಹೆರಿಗೆ ಮತ್ತು ಮಗುವಿನ ಆರೈಕೆ’ ಅಂತಲೇ ಬರೆದು, ಈಗಲೇ, ಒಂದೂವರೆ ತಿಂಗಳು ಮೊದಲೇ ಅರ್ಜಿ ಕೊಡಿ. ಸೀಸನ್ನಿನಲ್ಲಿ ರೂಮುಗಳೆಲ್ಲ ತುಂಬಿರುತ್ತವೆ, ಮ್ಯಾನೇಜರ್‌ಗೂ ತಲೆಬಿಸಿ ಇರುತ್ತದೆ, ನಿಜ. ಕೊನೇ ಕ್ಷಣದಲ್ಲಿ ಫೋನ್ ಮಾಡಿ ‘ಬರಲ್ಲ’ ಅನ್ನುವವನಿಗೂ, ನನ್ನ ಡ್ಯೂಟಿಯನ್ನು ಇಂಥವರು ನೋಡಿಕೊಳ್ಳುತ್ತಾರೆ, ಫೆಬ್ರವರಿಯಲ್ಲಿ ಅವರದ್ದು ನಾನು ನೋಡಿಕೊಳ್ಳುತ್ತೇನೆ ಅಂತ ಬರೆದುಕೊಡುವವನಿಗೂ ಸಿಗುವ ಉತ್ತರ ಬೇರೆ ಇರುತ್ತದೆ.

ಇನ್ನೊಂದು ಮುಖ್ಯ ವಿಷಯ. ಇದನ್ನು ಹೆಚ್ಚಿನ ಗಂಡಸರು ಯೋಚಿಸುವುದೇ ಇಲ್ಲ. ಇದ್ದಬದ್ದ ರಜೆಯನ್ನೆಲ್ಲ ಹೆರಿಗೆಯ ವಾರದಲ್ಲೇ ಮುಗಿಸಬೇಡಿ. ನಮ್ಮ ಕಡೆ ಹುಡುಗಿ ಹೆರಿಗೆಗೆ ತವರಿಗೆ ಹೋಗುತ್ತಾಳೆ. ಅಲ್ಲಿ ಅವಳ ಅಮ್ಮ ಇರುತ್ತಾರೆ, ಚಿಕ್ಕಮ್ಮ ಇರುತ್ತಾರೆ, ಎಣ್ಣೆ ಹಚ್ಚಿ ನೀರು ಹಾಕುವವರು ಇರುತ್ತಾರೆ. ನೀವು ಹೋಗಿ ಹದಿನೈದು ದಿನ ಜಗಲಿಯಲ್ಲಿ ಕೂತರೆ ನಿಮಗೂ ಕಾಫಿ ಮಾಡಿಕೊಡುವ ಕೆಲಸ ಅವರಿಗೆ ಜಾಸ್ತಿ, ಅಷ್ಟೆ. ಹೆರಿಗೆಯ ಹೊತ್ತಿಗೆ ಆರು ದಿನ ಸಾಕು. ಆಸ್ಪತ್ರೆಯ ಓಡಾಟ, ರಕ್ತ ಬೇಕಾದರೆ ಹೊಂದಿಸುವುದು, ಜನನ ನೋಂದಣಿ. ಇದು 21 ದಿನದೊಳಗಾದರೆ ಶುಲ್ಕ ಇಲ್ಲ. ಆಮೇಲೆ ಮಗುವಿಗೆ ಆರು ವಾರ, ಹತ್ತು ವಾರ, ಹದಿನಾಲ್ಕು ವಾರಕ್ಕೆ ಚುಚ್ಚುಮದ್ದು ಇರುತ್ತದೆ. ಪ್ರತಿ ಸಲವೂ ಒಂದೆರಡು ದಿನ ಇಟ್ಟುಕೊಳ್ಳಿ, ಚುಚ್ಚುಮದ್ದಿನ ರಾತ್ರಿ ಮಗು ಮಲಗುವುದಿಲ್ಲ, ಆ ರಾತ್ರಿ ನೀವು ಎತ್ತಿಕೊಂಡು ಓಡಾಡಿ. ಉಳಿದ ಅಷ್ಟೂ ದಿನವನ್ನು ಅವಳು ತವರಿನಿಂದ ನಿಮ್ಮ ಮನೆಗೆ ಬರುವ ವಾರಕ್ಕೆ ಇಡಿ. ಅವಳು ನಿಜವಾಗಿ ಒಬ್ಬಳೇ ಆಗುವುದು ಆವಾಗ.

ನನಗೆ ಮೊದಲ ಮಗು ಆದಾಗ ಆಷಾಢದ ಮಳೆ. ತವರಿಂದ ಬಂದ ಮೂರನೇ ದಿನ ಕರೆಂಟ್ ಹೋಗಿ ಐದು ದಿನ ಬರಲಿಲ್ಲ. ಮಗುವಿನ ಬಟ್ಟೆ ಒಂದೂ ಒಣಗುತ್ತಿರಲಿಲ್ಲ, ಒಲೆಯ ಮೇಲೆ ಹಗ್ಗ ಕಟ್ಟಿ ಒಂದೊಂದನ್ನೇ ಕಾಯಿಸುತ್ತಿದ್ದೆ. ಯಜಮಾನರು ಹೆರಿಗೆಯ ದಿನ ಎರಡು ದಿನ ರಜೆ ಹಾಕಿ ‘ಮುಗಿಯಿತಲ್ಲ’ ಅಂತ ಕೆಲಸಕ್ಕೆ ಹೋಗಿಯಾಗಿತ್ತು. ಅವರು ಕೆಟ್ಟವರಲ್ಲ. ಬೇಕು ಅಂತ ಯಾರೂ ಅವರಿಗೆ ಹೇಳಿಕೊಟ್ಟಿರಲಿಲ್ಲ, ನಾನೂ ಕೇಳಿರಲಿಲ್ಲ. ನೀವು ಕೇಳುತ್ತಿದ್ದೀರಲ್ಲ, ಅದೇ ನನಗೆ ಬಹಳ ಸಂತೋಷ.

ಪ್ರಶ್ನೆ: ಬಿ.ಕಾಂ. ಮುಗಿಸಿ ನಾಲ್ಕು ವರ್ಷ ಅಕೌಂಟ್ಸ್ ಕೆಲಸ ಮಾಡಿದ್ದೇನೆ. ಮದುವೆಯಾಗಿ ಎಂಟು ತಿಂಗಳು. ಕುಶಾಲನಗರದ ಒಂದು ಕಂಪನಿಯ ಇಂಟರ್‌ವ್ಯೂನಲ್ಲಿ ಎಲ್ಲ ಪ್ರಶ್ನೆಗೂ ಸರಿಯಾಗಿ ಉತ್ತರ ಕೊಟ್ಟೆ. ಕೊನೆಗೆ ‘ಮಕ್ಕಳ ಪ್ಲಾನ್ ಏನಮ್ಮ’ ಅಂದರು. ಕೆಲಸ ಸಿಗಲಿಲ್ಲ. ನನಗಿಂತ ಕಡಿಮೆ ಅನುಭವ ಇರುವ ಹುಡುಗನಿಗೆ ಸಿಕ್ಕಿತು. ಅವನಿಗೂ ಮದುವೆಯಾಗಿದೆ. ಅವನನ್ನು ಯಾಕೆ ಕೇಳಲಿಲ್ಲ? — ಓದುಗಿ, ಕುಶಾಲನಗರ

ಉತ್ತರ: ನಿಮ್ಮ ಕೊನೆಯ ಪ್ರಶ್ನೆ ಇದೆಯಲ್ಲ, ಇಡೀ ವಿಷಯ ಅದರಲ್ಲೇ ಇದೆ. ಅವನನ್ನು ಕೇಳಲಿಲ್ಲ, ಯಾಕೆಂದರೆ ಅವನಿಗೆ ಮಗುವಾದರೆ ಕಂಪನಿಗೆ ಏನೂ ಆಗುವುದಿಲ್ಲ. ಅವನು ಎರಡು ದಿನ ಬಿಟ್ಟು ವಾಪಸ್ ಬರುತ್ತಾನೆ. ನಿಮಗೆ ಮಗುವಾದರೆ 26 ವಾರ.

ಇದರ ಲೆಕ್ಕ ಹೀಗಿದೆ. 1961ರ ಹೆರಿಗೆ ಸೌಲಭ್ಯ ಕಾಯ್ದೆಯಲ್ಲಿ ಮೊದಲು 12 ವಾರ ಇತ್ತು. 2017ರ ಏಪ್ರಿಲ್‌ನಿಂದ ಮೊದಲ ಎರಡು ಮಕ್ಕಳಿಗೆ 26 ವಾರ ಮಾಡಿದರು. ತಾಯಿಗೂ ಮಗುವಿಗೂ ಒಳ್ಳೆಯದೇ ಆಯಿತು. ಆದರೆ ಅಷ್ಟೂ ವಾರದ ಸಂಬಳವನ್ನು ಸಾಮಾನ್ಯವಾಗಿ ಕಂಪನಿಯೇ ಕೊಡಬೇಕು, ಸರ್ಕಾರ ಪಾಲು ಕೊಡುವುದಿಲ್ಲ. ಹತ್ತು ಹದಿನೈದು ಜನ ಇರುವ ಸಣ್ಣ ಕಂಪನಿಯವನು ಮದುವೆಯಾದ ಹುಡುಗಿಯನ್ನು ನೋಡಿದ ತಕ್ಷಣ ಮನಸ್ಸಿನಲ್ಲೇ ಆರು ತಿಂಗಳ ಸಂಬಳವನ್ನು ಗುಣಿಸುತ್ತಾನೆ. ಅವನು ಮಾಡುವುದು ತಪ್ಪು, ಕಾನೂನಿಗೂ ವಿರುದ್ಧ. ನೇಮಕಾತಿಯಲ್ಲಿ ಹೆಣ್ಣು ಅಂತ ತಾರತಮ್ಯ ಮಾಡಬಾರದು ಅಂತ 1976ರ ಸಮಾನ ವೇತನ ಕಾಯ್ದೆಯಲ್ಲೇ ಇತ್ತು, ಈಗ ವೇತನ ಸಂಹಿತೆಯಲ್ಲೂ ಇದೆ. ಆದರೆ ಇಂಟರ್‌ವ್ಯೂ ರೂಮಿನಲ್ಲಿ ನಡೆದದ್ದನ್ನು ಸಾಬೀತು ಮಾಡುವುದು ಎಷ್ಟು ಕಷ್ಟ ಅಂತ ನಿಮಗೂ ಗೊತ್ತು, ನನಗೂ ಗೊತ್ತು.

ಮುಂದಿನ ಸಲಕ್ಕೆ ಒಂದು ಉಪಾಯ ಹೇಳುತ್ತೇನೆ. ಇಎಸ್‌ಐ ಅಂದರೆ ನೌಕರರ ರಾಜ್ಯ ವಿಮೆ. ಇಎಸ್‌ಐ ಇರುವ ಸಂಸ್ಥೆಯಲ್ಲಿ, ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರ ಬಾಣಂತಿ ರಜೆಯ ಹಣವನ್ನು ಇಎಸ್‌ಐ ಕೊಡುತ್ತದೆ, ಮಾಲೀಕ ಕೊಡಬೇಕಾಗಿಲ್ಲ. ಎಷ್ಟೋ ಸಣ್ಣ ಮಾಲೀಕರಿಗೆ ಇದು ಗೊತ್ತೇ ಇಲ್ಲ. ನಿಮ್ಮ ಕೆಲಸಕ್ಕೆ ಇದು ಹೊಂದುವುದಾದರೆ ಮಾತು ಬಂದಾಗ ಹೇಳಿ. ಸಂಕೋಚ ಬೇಡ.

ಈಗ ದೊಡ್ಡ ಮಾತಿಗೆ ಬರುತ್ತೇನೆ. 2023ರ ಅರ್ಥಶಾಸ್ತ್ರದ ನೊಬೆಲ್ ಬಂದ ಕ್ಲಾಡಿಯಾ ಗೋಲ್ಡಿನ್ ಅವರು ಹೆಂಗಸರ ದುಡಿಮೆಯ ಇತಿಹಾಸವನ್ನೇ ಇಟ್ಟುಕೊಂಡು ಕೆಲಸ ಮಾಡಿದವರು. ಅವರು ತೋರಿಸಿಕೊಟ್ಟದ್ದು ಏನೆಂದರೆ, ಒಂದೇ ಓದು, ಒಂದೇ ಕೆಲಸ ಇರುವ ಹುಡುಗ ಹುಡುಗಿಯ ಸಂಬಳ ಶುರುವಿನಲ್ಲಿ ಹೆಚ್ಚುಕಡಿಮೆ ಒಂದೇ ಇರುತ್ತದೆ, ಮೊದಲ ಮಗು ಹುಟ್ಟಿದ ಮೇಲೆ ದಾರಿ ಬೇರೆಯಾಗುತ್ತದೆ. ಅಂದರೆ ಹಿಂದೆ ಬೀಳುವುದು ಹೆಣ್ಣು ಅನ್ನುವ ಒಂದೇ ಕಾರಣಕ್ಕಲ್ಲ, ಮಗುವಿನ ಕೆಲಸವೆಲ್ಲ ಅವಳ ತಲೆಗೇ ಬರುವ ಕಾರಣಕ್ಕೆ. ಹಾಗಿದ್ದರೆ ಪರಿಹಾರವೂ ಅಲ್ಲೇ ಇರಬೇಕು, ಅಲ್ವಾ? ಆ ಹುಡುಗನೂ ಮಗುವಾದಾಗ ಎರಡು ಮೂರು ತಿಂಗಳು ಕಚೇರಿ ಬಿಡುತ್ತಾನೆ ಅಂತಾದರೆ, ಇಂಟರ್‌ವ್ಯೂ ಮಾಡುವವನಿಗೆ ನಿಮ್ಮಿಬ್ಬರಲ್ಲಿ ಆರಿಸುವ ಆ ಕಾರಣವೇ ಉಳಿಯುವುದಿಲ್ಲ. ಅಪ್ಪನ ರಜೆ ಅಪ್ಪನಿಗೆ ಕೊಡುವ ಬಹುಮಾನ ಅಂತ ನಾನು ನೋಡುವುದಿಲ್ಲ. ಅದು ನಿಮ್ಮ ಕೆಲಸ ಉಳಿಸುವ ರಜೆ.

ಸ್ವೀಡನ್ 1974ರಲ್ಲೇ ಅಪ್ಪ ಅಮ್ಮ ಇಬ್ಬರೂ ಹಂಚಿಕೊಳ್ಳುವ ರಜೆ ತಂದಿತು. ಆದರೆ ‘ಯಾರು ಬೇಕಾದರೂ ತೆಗೆದುಕೊಳ್ಳಿ’ ಅಂದಾಗ ತೆಗೆದುಕೊಂಡದ್ದು ಹೆಚ್ಚಾಗಿ ಅಮ್ಮಂದಿರೇ. ನಾರ್ವೆ 1993ರಲ್ಲಿ ನಾಲ್ಕು ವಾರವನ್ನು ಅಪ್ಪನಿಗೇ ಅಂತ ತೆಗೆದಿಟ್ಟಿತು. ತೆಗೆದುಕೊಳ್ಳದಿದ್ದರೆ ಹೋಯಿತು, ಹೆಂಡತಿಗೂ ಕೊಡುವ ಹಾಗಿಲ್ಲ. ಕೆಲವೇ ವರ್ಷಗಳಲ್ಲಿ ಅಲ್ಲಿ ಹೆಚ್ಚಿನ ಅಪ್ಪಂದಿರು ರಜೆಯ ಮೇಲೆ ಹೋಗತೊಡಗಿದರು. ಸ್ವೀಡನ್ ಕೂಡ 1995ರಲ್ಲಿ ಒಂದು ತಿಂಗಳನ್ನು ಹಾಗೆ ಮೀಸಲಿಟ್ಟಿತು, ಈಗ ಅದು 90 ದಿನ. ಮೀಸಲಿಟ್ಟ ಮೇಲೆ ರಜೆ ಕೇಳಲು ನಾಚಿಕೆ ಬೇಕಾಗಲಿಲ್ಲ, ಎಲ್ಲರೂ ಹೋಗುತ್ತಾರೆ, ನಾನೂ ಹೋಗುತ್ತೇನೆ. ನಮ್ಮಲ್ಲೂ ಇದು ಆಗದ ಮಾತೇನಲ್ಲ. ಜೊಮ್ಯಾಟೊ 2019ರಲ್ಲಿ ಅಪ್ಪಂದಿರಿಗೂ 26 ವಾರ ಅಂತ ಘೋಷಿಸಿತು. ಒಂದು ಕಂಪನಿ ಮಾಡಬಹುದು ಅಂದರೆ ಇನ್ನೊಂದೂ ಮಾಡಬಹುದು.

ನೀವು ಸೋತಿಲ್ಲ. ಕುಶಾಲನಗರ ಒಂದೇ ಅಲ್ಲ, ಹುಣಸೂರು, ಮೈಸೂರು ಕಡೆಗೂ ಅರ್ಜಿ ಹಾಕಿ. ‘ಮಕ್ಕಳ ಪ್ಲಾನ್’ ಪ್ರಶ್ನೆ ಮತ್ತೆ ಬಂದರೆ ‘ಸರ್, ಈ ಪ್ರಶ್ನೆಯನ್ನು ಗಂಡಸು ಅಭ್ಯರ್ಥಿಗಳಿಗೂ ಕೇಳುತ್ತೀರಾ’ ಅಂತ ನಗುತ್ತಲೇ ಕೇಳಿ. ಆ ಕೆಲಸ ಸಿಗದೇ ಹೋಗಬಹುದು. ಆದರೆ ಅವರು ಮುಂದಿನ ಹುಡುಗಿಗೆ ಅದನ್ನು ಕೇಳುವ ಮುಂಚೆ ಒಂದು ಸಲ ಯೋಚಿಸುತ್ತಾರೆ.

ಪ್ರಶ್ನೆ: ನನಗೆ 71 ವರ್ಷ. ಸೈನ್ಯದಲ್ಲಿದ್ದೆ, ಈಗ ತೋಟ ನೋಡಿಕೊಂಡಿದ್ದೇನೆ. ಮಗ ಮೈಸೂರಿನಲ್ಲಿ ಸರ್ಕಾರಿ ಕೆಲಸದಲ್ಲಿದ್ದಾನೆ. ಮಗು ಹುಟ್ಟಿದ್ದಕ್ಕೆ 15 ದಿನ ರಜೆ ಹಾಕಿ ಮಗುವಿನ ಬಟ್ಟೆ ಒಗೆಯುತ್ತಾ ಕೂತಿದ್ದಾನೆ. ನೆಂಟರೆಲ್ಲ ಆಡಿಕೊಳ್ಳುತ್ತಿದ್ದಾರೆ. ನನ್ನ ಮಗ ಹುಟ್ಟಿದಾಗ ನಾನು ಗಡಿಯಲ್ಲಿದ್ದೆ, ಟೆಲಿಗ್ರಾಂ ಬಂತು. ಏಳು ತಿಂಗಳ ಮೇಲೆ ಊರಿಗೆ ಬಂದಾಗ ಅವನು ನನ್ನ ಹತ್ತಿರ ಬರದೆ ಅಳುತ್ತಿದ್ದ. ಆದರೂ ಬೆಳೆದನಲ್ಲ? ಈಗಿನವರದ್ದು ಅತಿಯಾಯಿತು ಅಂತ ನಿಮಗೆ ಅನ್ನಿಸುವುದಿಲ್ಲವೇ? — ಪೊನ್ನಂಪೇಟೆಯ ಹಿರಿಯರು

ಉತ್ತರ: ನಮಸ್ಕಾರ. ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ನನಗೆ ಅತಿ ಅನ್ನಿಸುವುದಿಲ್ಲ ಅಂತ ಮೊದಲೇ ಹೇಳಿಬಿಡುತ್ತೇನೆ. ಆದರೆ ಯಾಕೆ ಅಂತ ಹೇಳುವಾಗ ನಿಮ್ಮ ಪತ್ರದ್ದೇ ಒಂದು ಸಾಲನ್ನು ಹಿಡಿದುಕೊಳ್ಳುತ್ತೇನೆ. ‘ನನ್ನ ಹತ್ತಿರ ಬರದೆ ಅಳುತ್ತಿದ್ದ’ ಅಂತ ಬರೆದಿದ್ದೀರಿ. ನಲವತ್ತು ವರ್ಷದ ಹತ್ತಿರ ಆಗಿರಬೇಕು, ಅದು ಇನ್ನೂ ನಿಮಗೆ ನೆನಪಿದೆ. ದೇಶ ಕಾಯುವ ಕೆಲಸದಲ್ಲಿದ್ದಿರಿ, ಬರಲು ಆಗಲಿಲ್ಲ, ನೀವು ಕಳೆದುಕೊಂಡದ್ದು ದೊಡ್ಡದೇ. ಕಾರ್ಯಪ್ಪ, ತಿಮ್ಮಯ್ಯ ಅವರಂಥವರನ್ನು ಕೊಟ್ಟ ಈ ಜಿಲ್ಲೆಯಲ್ಲಿ ಆ ಟೆಲಿಗ್ರಾಂ ಬಂದ ಮನೆಗಳು ಎಷ್ಟಿಲ್ಲ. ನಿಮ್ಮ ಮಗನಿಗೆ ಗಡಿಯಲ್ಲಿರಬೇಕಾದ ಅನಿವಾರ್ಯ ಇಲ್ಲ. ನಿಮಗೆ ಸಿಗದೇ ಹೋದ 15 ದಿನ ಅವನಿಗೆ ಸಿಕ್ಕಿದೆ. ಅದನ್ನು ಅವನು ಬಳಸಿಕೊಂಡಿದ್ದಾನೆ.

ಆಗ ಇನ್ನೊಂದು ಇತ್ತು. ನೀವು ಗಡಿಯಲ್ಲಿದ್ದರೂ ಊರಿನಲ್ಲಿ ಮನೆ ತುಂಬಾ ಜನ. ನಿಮ್ಮ ಅವ್ವ, ಅತ್ತಿಗೆ, ನಾದಿನಿ, ಪಕ್ಕದ ಮನೆಯವರು. ಒಬ್ಬರು ಮಗುವನ್ನು ಎತ್ತಿಕೊಂಡರೆ ಇನ್ನೊಬ್ಬರು ಒಲೆ ಮುಂದೆ. ನಿಮ್ಮ ಮನೆಯವರು ಒಬ್ಬರೇ ಇರಲಿಲ್ಲ. ಈಗ ನಿಮ್ಮ ಸೊಸೆ ಮೈಸೂರಿನ ಬಾಡಿಗೆ ಮನೆಯಲ್ಲಿದ್ದಾಳೆ. ಒಂದು ಹಾಲ್, ಎರಡು ರೂಮು, ನಿಮ್ಮ ಮಗ ಕೆಲಸಕ್ಕೆ ಹೋದರೆ ಬಾಗಿಲು ಹಾಕಿದರೆ ಅವಳೊಬ್ಬಳೇ. ಅಷ್ಟು ಜನ ಹಂಚಿಕೊಂಡು ಮಾಡುತ್ತಿದ್ದ ಕೆಲಸವನ್ನು ಒಬ್ಬಳ ಮೇಲೆ ಹಾಕಿ ಸುಮ್ನೆ ಇರುವುದು ನ್ಯಾಯವಾ? ಕುಟುಂಬದ ಮೂಲಮನೆಯಾದ ಐನ್‌ಮನೆಯನ್ನು ಮೈಸೂರಿಗೆ ಹೊತ್ತುಕೊಂಡು ಹೋಗಲು ಆಗುವುದಿಲ್ಲ. ಗಂಡ ಬಟ್ಟೆ ಒಗೆಯಬಹುದು.

ಆಡಿಕೊಳ್ಳುವ ನೆಂಟರಿಗೆ ಹೇಳಲು ಒಂದು ಲೆಕ್ಕವನ್ನೂ ಕೊಡುತ್ತೇನೆ. ನಮ್ಮ ಸರ್ಕಾರವೇ 2019ರಲ್ಲಿ ದೇಶದಾದ್ಯಂತ ಜನ ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆ ಅಂತ ಸಮೀಕ್ಷೆ ಮಾಡಿತು. ಸಂಬಳ ಇಲ್ಲದ ಮನೆಕೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ 299 ನಿಮಿಷ ಕೊಡುತ್ತಾರೆ, ಮಾಡುವ ಗಂಡಸರು 97 ನಿಮಿಷ. ‘ಮಾಡುವ’ ಗಂಡಸರು ಅಂದೆ, ಗಮನಿಸಿ. ನೂರು ಗಂಡಸರಲ್ಲಿ ಆ ಕೆಲಸಕ್ಕೆ ಕೈ ಹಾಕುವವರು 26 ಜನ, ಹೆಂಗಸರಲ್ಲಿ 81. ನಿಮ್ಮ ಮಗ ಆ 26ರಲ್ಲಿ ಒಬ್ಬ.

ಕೊಡವರ ಮನೆಗಳಲ್ಲಿ ಗಂಡು ಮಗು ಹುಟ್ಟಿದರೆ ಅಂಗಳದಲ್ಲಿ ಗುಂಡು ಹಾರಿಸುವ, ಹರಳು ಗಿಡದ ಕೋಲಿನ ಪುಟ್ಟ ಬಿಲ್ಲನ್ನು ಆ ಮಗುವಿನ ಕೈಗೆ ಮುಟ್ಟಿಸುವ ಪದ್ಧತಿ ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಮಗು ಬಂತು ಅಂತ ಇಡೀ ಊರಿಗೆ ಕೇಳಿಸುವವರು ನಾವು. ಅದೇ ಮಗುವಿನ ಬಟ್ಟೆಯನ್ನು ಅಪ್ಪ ಒಗೆದದ್ದನ್ನು ಮಾತ್ರ ಯಾಕೆ ಬಚ್ಚಿಡಬೇಕು? ಆಗುವುದಾದರೆ ಒಂದು ಮಾಡಿ. ತೋಟದ ಕೆಲಸವನ್ನು ನಾಲ್ಕು ದಿನ ಯಾರಿಗಾದರೂ ವಹಿಸಿ ಮೈಸೂರಿಗೆ ಹೋಗಿ ಬನ್ನಿ. ಮೊಮ್ಮಗು ನಿಮ್ಮನ್ನು ನೋಡಿ ಅಳದ ಹಾಗೆ ಈಗಿನಿಂದಲೇ ಅಭ್ಯಾಸ ಮಾಡಿಸಿ.

ಪ್ರಶ್ನೆ: ವಿರಾಜಪೇಟೆಯವಳು, ಬೆಂಗಳೂರಿನಲ್ಲಿದ್ದೇನೆ. ಗಂಡನ ಕಂಪನಿಯಲ್ಲಿ ಒಳ್ಳೆಯ ಪಿತೃತ್ವ ರಜೆ ಇದೆ. ಇವರು ಎರಡೇ ದಿನ ತೆಗೆದುಕೊಂಡರು, ಆ ಎರಡು ದಿನವೂ ಲ್ಯಾಪ್‌ಟಾಪ್ ಮುಂದೆ. ‘ಪ್ರಮೋಷನ್ ಟೈಮ್, ಯಾರೂ ತೆಗೆದುಕೊಳ್ಳಲ್ಲ’ ಅಂತಾರೆ. ನಾನು ಮುಂದಿನ ತಿಂಗಳು ಕೆಲಸಕ್ಕೆ ಮರಳಬೇಕು. — ಒಬ್ಬ ತಾಯಿ

ಉತ್ತರ: ನಿಮ್ಮ ಗಂಡನ ಭಯ ಸುಳ್ಳಲ್ಲ ಅಂತ ಮೊದಲು ಒಪ್ಪಿಕೊಳ್ಳೋಣ. ಜಪಾನಿನಲ್ಲಿ ಅಪ್ಪಂದಿರು ಒಂದು ವರ್ಷದವರೆಗೆ ರಜೆ ತೆಗೆದುಕೊಳ್ಳಬಹುದು ಅಂತ ಕಾನೂನು ಇದೆ, ಆದರೂ ಬಹಳ ವರ್ಷ ಬೆರಳೆಣಿಕೆಯ ಗಂಡಸರು ಮಾತ್ರ ಹೋಗುತ್ತಿದ್ದರು. ಮೇಲಿನವರು ಏನಂದುಕೊಳ್ಳುತ್ತಾರೋ ಅನ್ನುವ ಅದೇ ಭಯ. 2020ರಲ್ಲಿ ಅಲ್ಲಿನ ಪರಿಸರ ಸಚಿವರಾಗಿದ್ದ ಶಿಂಜಿರೊ ಕೊಯಿಜುಮಿ ತಾನೇ ಎರಡು ವಾರ ರಜೆ ತೆಗೆದುಕೊಳ್ಳುತ್ತೇನೆ ಅಂದಾಗ ಅದು ದೊಡ್ಡ ಸುದ್ದಿಯಾಯಿತು. ಅದೇ ವರ್ಷದ ಕೊನೆಗೆ ನಮ್ಮ ವಿರಾಟ್ ಕೊಹ್ಲಿ ಆಸ್ಟ್ರೇಲಿಯಾ ಪ್ರವಾಸದಲ್ಲಿ ಅಡಿಲೇಡ್ ಟೆಸ್ಟ್ ಮುಗಿಸಿ ಮಗು ಹುಟ್ಟುವ ಹೊತ್ತಿಗೆ ಮನೆಗೆ ಬಂದರು. ಆ ಟೆಸ್ಟಿನಲ್ಲಿ ತಂಡ 36 ರನ್ನಿಗೆ ಆಲೌಟ್ ಆಗಿತ್ತು, ನಾಯಕ ಬಿಟ್ಟು ಬರುವ ಹೊತ್ತಾ ಇದು ಅಂತ ಬೈದವರು ಕಡಿಮೆ ಇರಲಿಲ್ಲ. ಆಮೇಲೆ ಏನಾಯಿತು? ರಹಾನೆ ನಾಯಕತ್ವದಲ್ಲಿ ತಂಡ 2-1ರಲ್ಲಿ ಸರಣಿ ಗೆದ್ದಿತು. ಭಾರತ ತಂಡವೇ ನಾಯಕನಿಲ್ಲದೆ ನಡೆದಿದೆ. ನಿಮ್ಮ ಯಜಮಾನರ ಪ್ರಾಜೆಕ್ಟ್ ಕೂಡ ನಡೆಯುತ್ತದೆ.

ಉಳಿದ ರಜೆಯನ್ನು ನೀವು ಕೆಲಸಕ್ಕೆ ಮರಳುವ ವಾರದಿಂದ ತೆಗೆದುಕೊಳ್ಳಲು ಹೇಳಿ. ಎಷ್ಟೋ ಕಂಪನಿಗಳಲ್ಲಿ ತಡವಾಗಿಯೂ ತೆಗೆದುಕೊಳ್ಳಲು ಅವಕಾಶ ಇರುತ್ತದೆ, ನಿಯಮವನ್ನು ಎಚ್‌ಆರ್‌ನಿಂದ ತರಿಸಿ ನೀವೇ ಓದಿ. ಆ ವಾರಗಳಲ್ಲಿ ಹಗಲಿಡೀ ಮಗು ಅವರ ಕೈಯಲ್ಲಿ ಮಾತ್ರ ಇರಲಿ. ನಿಮ್ಮ ಅಮ್ಮನನ್ನೂ ಅತ್ತೆಯನ್ನೂ ಆಗ ಕರೆಸಬೇಡಿ, ಇದನ್ನು ಖಡಾಖಂಡಿತವಾಗಿ ಹೇಳುತ್ತೇನೆ. ಅಜ್ಜಿ ಇದ್ದರೆ ಅವರು ಮತ್ತೆ ಲ್ಯಾಪ್‌ಟಾಪ್ ತೆರೆಯುತ್ತಾರೆ. ಮೊದಲ ಮೂರು ದಿನ ನಿಮಗೆ ಇಪ್ಪತ್ತು ಸಲ ಫೋನ್ ಬರಬಹುದು, ತಾಳ್ಮೆ ಇರಲಿ. ನಾಲ್ಕನೇ ದಿನ ಕಡಿಮೆಯಾಗುತ್ತದೆ. ‘ಸಹಾಯ ಮಾಡುತ್ತೇನೆ’ ಅನ್ನುವ ಮಾತು ಆಮೇಲೆ ಅವರ ಬಾಯಲ್ಲಿ ಬರುವುದಿಲ್ಲ.

ಪ್ರಶ್ನೆ: ಸಿದ್ದಾಪುರ ಕಡೆಯ ಒಂದು ಎಸ್ಟೇಟಿನಲ್ಲಿ ಲೆಕ್ಕ, ಹಾಜರಿ ಬರೆಯುವ ರೈಟರ್ ಆಗಿದ್ದೇನೆ. ಅಸ್ಸಾಂ ಕಡೆಯ ಒಂದು ಜೋಡಿ ಕೂಲಿಯವರ ಸಾಲುಮನೆಯಾದ ಲೈನ್‌ಮನೆಯಲ್ಲಿದೆ. ಕಾಫಿ ಕುಯ್ಲಿನ ಮಧ್ಯೆ ಹೆಂಡತಿಗೆ ಹೆರಿಗೆಯಾಯಿತು. ಮೂರು ವರ್ಷದ ದೊಡ್ಡ ಮಗುವನ್ನು ನೋಡಿಕೊಳ್ಳಲು ಯಾರೂ ಇಲ್ಲ ಅಂತ ಗಂಡ ಆರು ದಿನ ಕೆಲಸಕ್ಕೆ ಬರಲಿಲ್ಲ. ನಾನು ಮಸ್ಟರ್ ರೋಲಿನಲ್ಲಿ (ಹಾಜರಿ ಪುಸ್ತಕದಲ್ಲಿ) ಗೈರು ಹಾಕಿದೆ. ಮನಸ್ಸು ತಡೆಯುತ್ತಿಲ್ಲ. ಸಾಹುಕಾರರು ‘ನಿಯಮ ಏನಿದೆಯೋ ನೋಡು’ ಅಂದಿದ್ದಾರೆ. — ಒಬ್ಬ ಓದುಗ

ಉತ್ತರ: ರೆಸಾರ್ಟ್, ಬ್ಯಾಂಕು, ಐಟಿ ಕಂಪನಿಯವರ ಪತ್ರಗಳ ನಡುವೆ ಈ ಪತ್ರ ಬಂದದ್ದಕ್ಕೆ ನಿಮಗೆ ಕೈ ಮುಗಿಯುತ್ತೇನೆ. ಅಪ್ಪನ ರಜೆ ಅಂದರೆ ಓದಿದವರ ವಿಷಯ ಅಂದುಕೊಂಡಿದ್ದೇವೆ. ಲೈನ್‌ಮನೆಯ ಅಪ್ಪನಿಗೆ ಅದು ಆ ದಿನದ ಕೂಲಿಯ ವಿಷಯ.

ಮೊದಲು ಆ ತಾಯಿಯದ್ದು. ದಿನಗೂಲಿಯವರಿಗೆ ಹೆರಿಗೆ ಸೌಲಭ್ಯ ಇಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ತೋಟಗಳೂ ಆ ಕಾನೂನಿಗೆ ಸೇರುತ್ತವೆ. ಹೆರಿಗೆಗೆ ಮುಂಚಿನ 12 ತಿಂಗಳಲ್ಲಿ ನಿಮ್ಮಲ್ಲಿ 80 ದಿನ ಕೆಲಸ ಮಾಡಿದ್ದರೆ ಅವಳಿಗೆ ಹಕ್ಕಿದೆ. ದೆಹಲಿ ಮಹಾನಗರ ಪಾಲಿಕೆಯ ಮಸ್ಟರ್ ರೋಲ್ ಹೆಂಗಸರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2000ನೇ ಇಸವಿಯಲ್ಲೇ ಇದನ್ನು ಸ್ಪಷ್ಟ ಮಾಡಿದೆ, ಕಾಯಂ ಅಲ್ಲ ಅನ್ನುವ ಕಾರಣಕ್ಕೆ ಹೆರಿಗೆ ಸೌಲಭ್ಯ ತಪ್ಪಿಸುವ ಹಾಗಿಲ್ಲ. ಅವಳು ಕೆಲಸಕ್ಕೆ ಮರಳಿದ ಮೇಲೆ ಮಗುವಿಗೆ 15 ತಿಂಗಳಾಗುವವರೆಗೆ ಹಾಲುಣಿಸಲು ದಿನಕ್ಕೆ ಎರಡು ಬಿಡುವು ಕೊಡಬೇಕು. ಮೇಸ್ತ್ರಿಗೆ ಇದನ್ನು ನೀವೇ ಹೇಳಿ. 50 ಅಥವಾ ಅದಕ್ಕಿಂತ ಜಾಸ್ತಿ ಕೆಲಸಗಾರರಿದ್ದರೆ ಶಿಶುವಿಹಾರವೂ ಇರಬೇಕು. ಹುಟ್ಟಿದ್ದು ಎರಡನೇ ಮಗು ಅಂತ ಬರೆದಿದ್ದೀರಿ, ಹೆಣ್ಣಾಗಿದ್ದರೆ ಪ್ರಧಾನಮಂತ್ರಿ ಮಾತೃ ವಂದನಾ ಯೋಜನೆಯಲ್ಲಿ 6,000 ರೂಪಾಯಿ ಸಿಗುತ್ತದೆ, ಹತ್ತಿರದ ಅಂಗನವಾಡಿಯಲ್ಲಿ ವಿಚಾರಿಸಿ. ಅವರಿಗೆ ಕನ್ನಡ ಬಾರದಿದ್ದರೆ ಜೊತೆಗೆ ಹೋಗಿ.

ಶಿಶುವಿಹಾರದ ನಿಯಮ ಓದುವಾಗ ಒಂದು ವಿಷಯ ನನ್ನನ್ನು ಕಾಡುತ್ತದೆ. ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಿ ಬರಲು ಅವಕಾಶ ಕೊಟ್ಟಿದ್ದಾರೆ, ಆದರೆ ತಾಯಿಗೆ ಅಂತ ಮಾತ್ರ ಬರೆದಿದ್ದಾರೆ. ಅದೇ ತೋಟದಲ್ಲಿ ಅಪ್ಪನೂ ಇರುತ್ತಾನೆ. ಅವನು ಒಂದು ಸಲ ಹೋಗಿ ಬಂದರೆ ಅವಳ ಕಾಫಿ ಚೀಲ ಅಷ್ಟು ತುಂಬುತ್ತದೆ. ಕುಯ್ಲಿನಲ್ಲಿ ಕಿಲೋ ಲೆಕ್ಕದ ಕೂಲಿ ಇರುವಾಗ ಪ್ರತಿ ಬಿಡುವಿನ ಬೆಲೆಯನ್ನೂ ಅವಳೇ ಕಟ್ಟುತ್ತಿದ್ದಾಳೆ.

ಈಗ ಆ ಆರು ದಿನದ್ದು. ಪಿತೃತ್ವ ರಜೆ ಅಂತ ಕೊಡಲು ಕಾನೂನಿನ ಒತ್ತಾಯ ಇಲ್ಲ, ನಿಜ. ಆದರೆ ಅವನು ದುಡಿದು ಗಳಿಸಿದ ರಜೆ ಇದೆಯಲ್ಲ. 1951ರ ಪ್ಲಾಂಟೇಷನ್ ಕಾರ್ಮಿಕ ಕಾಯ್ದೆಯ ಕಾಲದಿಂದಲೂ ದೊಡ್ಡವರಿಗೆ 20 ದಿನ ದುಡಿಮೆಗೆ ಒಂದು ದಿನ ಕೂಲಿ ಸಹಿತ ರಜೆ ಇದೆ. ಈಗಿನ ಸಂಹಿತೆಯಲ್ಲಿ ಅದಕ್ಕೆ ವರ್ಷದಲ್ಲಿ 180 ದಿನ ದುಡಿದಿರಬೇಕು, ದುಡಿದಿದ್ದರೆ ಒಂಬತ್ತು ದಿನ ಆಯಿತು, ಈ ಆರು ದಿನ ಅದರಲ್ಲೇ ಸರಿಹೋಯಿತು. ನಿಮ್ಮ ಪುಸ್ತಕದಲ್ಲಿ ಅವನ ದಿನಗಳನ್ನು ಎಣಿಸಿ. ಅವನು ಮುಂಚೆ ಅರ್ಜಿ ಕೊಟ್ಟಿಲ್ಲ ಅನ್ನುವುದು ದೊಡ್ಡ ಮಾತಲ್ಲ. ಆ ರಾತ್ರಿ ಜೀಪು ಹುಡುಕಿ ಹೆಂಡತಿಯನ್ನು ಆಸ್ಪತ್ರೆಗೆ ಸೇರಿಸುವವನು ಅರ್ಜಿ ಬರೆಯುತ್ತಾನಾ? ಸಾಹುಕಾರರ ಒಪ್ಪಿಗೆ ಪಡೆದು, ಗೈರು ಅಂತ ಇರುವ ಕಡೆ ರಜೆ ಅಂತ ತಿದ್ದಿ ಸಹಿ ಹಾಕಿಸಿ. ಲೆಕ್ಕದಲ್ಲಿ ದಿನ ಕಡಿಮೆ ಬಿದ್ದರೂ ಕೊಡಿ ಅಂತ ಅವರನ್ನು ಕೇಳಿ. ಕುಯ್ಲಿಗೆ ಆಳು ಸಿಗದೆ ತೋಟಗಳು ಒದ್ದಾಡುವ ಈ ಕಾಲದಲ್ಲಿ, ಹೆರಿಗೆಯ ವಾರ ಕೂಲಿ ಹಿಡಿಯದ ತೋಟಕ್ಕೆ ಆ ಜೋಡಿ ಮುಂದಿನ ವರ್ಷವೂ ಬರುತ್ತದೆ, ಜೊತೆಗೆ ಇನ್ನಿಬ್ಬರನ್ನು ಕರೆತರುತ್ತದೆ.

ಪ್ರಶ್ನೆ: ಅಂಚೆ ಇಲಾಖೆಯಲ್ಲಿ ಗುಮಾಸ್ತ. ಮೊದಲ ಮಗುವಿಗೆ ನಾಲ್ಕೂವರೆ ತಿಂಗಳಾಯಿತು. ಆಗ ರಜೆ ಹಾಕಲು ಸಂಕೋಚವಾಗಿ ಹಾಕಲಿಲ್ಲ. ಹೆಂಡತಿಗೆ ಬೆನ್ನುನೋವು. ಈಗ ಕೇಳಿದರೆ ಕೊಡುತ್ತಾರಾ? — ಓದುಗ, ನಾಪೋಕ್ಲು

ಉತ್ತರ: ಕೊಡುತ್ತಾರೆ. ಕೇಂದ್ರ ನೌಕರರ ರಜೆ ನಿಯಮ 43-ಎ ಪ್ರಕಾರ ಹೆರಿಗೆಯಿಂದ ಆರು ತಿಂಗಳೊಳಗೆ ಆ 15 ದಿನ ತೆಗೆದುಕೊಳ್ಳಬಹುದು, ಆಮೇಲೆ ಅದು ಹೋಗುತ್ತದೆ. ಪೂರ್ತಿ ಸಂಬಳ ಇದೆ, ನಿಮ್ಮ ಬೇರೆ ರಜೆಯಿಂದ ಕಳೆಯುವುದಿಲ್ಲ, ಸಾಮಾನ್ಯವಾಗಿ ನಿರಾಕರಿಸಬಾರದು ಅಂತಲೂ ನಿಯಮದಲ್ಲೇ ಇದೆ. ನಿಮಗೆ ಇನ್ನು ಒಂದೂವರೆ ತಿಂಗಳಿದೆ. ಈ ಪುಟ ಓದಿದ ಮರುದಿನವೇ ಅರ್ಜಿ ಕೊಡಿ, ಕಾರಣದ ಜಾಗದಲ್ಲಿ ಮಗುವಿನ ಹೆಸರು ಬರೆಯಿರಿ.